ಎತ್ತರದ ಗಾಜಿನ ತೊಟ್ಟಿಗೆ ಎಂಥ ಮೀನು?

ಗಾಜಿನ ತೊಟ್ಟಿಯಲ್ಲಿ ಮೀನು ಸಾಕುವುದು ಈಗ ದೊಡ್ಡ ಪಟ್ಟಣಗಳಿಗಷ್ಟೇ ಮೀಸಲಾದ ಹವ್ಯಾಸವಲ್ಲ. ಬಾಗಲಕೋಟೆ, ಬಾದಾಮಿ, ಹುನಗುಂದಗಳಂಥ ಊರುಗಳಲ್ಲಿಯೂ ಅದಕ್ಕೆ ಅವಕಾಶವುಂಟು. ಆದರೆ ಮನೆಯಲ್ಲಿ ಜಾಗ ಕಡಿಮೆ. ಇಳಕಲ್ಲಿನ ನೇಕಾರರ ಮನೆಯಲ್ಲಂತೂ ಕುಣಿಮಗ್ಗವೇ ಪಡಸಾಲೆಯ ಬಹುಭಾಗವನ್ನು ಹಿಡಿದಿರುತ್ತದೆ. ಆದಕಾರಣ ಮೂಲೆಯಲ್ಲಿ ನಿಲ್ಲುವಂಥ, ಎತ್ತರವಾದ ಕಿರಿದಾದ ತೊಟ್ಟಿಯನ್ನು ಜನರು ಮೆಚ್ಚುವುದು ಸಹಜ. ಅಂಥ ತೊಟ್ಟಿಗೆ ಎಂಥ ಮೀನು ಒಗ್ಗುತ್ತದೆ ಎಂಬುದನ್ನು ಕೊಳ್ಳುವ ಮೊದಲೇ ವಿಚಾರಿಸುವುದು ಒಳ್ಳೆಯದು.

ನೀರು ಹೆಚ್ಚಿದ್ದರೆ ಮೀನೂ ಹೆಚ್ಚು ಬಿಡಬಹುದೆಂದು ಹಲವರು ತಿಳಿಯುತ್ತಾರೆ. ಇದು ಪೂರ್ತಿ ನಿಜವಲ್ಲ. ಮೀನು ಉಸಿರಾಡುವ ಪ್ರಾಣವಾಯು ಬಹುಮಟ್ಟಿಗೆ ನೀರಿನ ಮೇಲ್ಮೈಯಿಂದ ಒಳಗಿಳಿಯುತ್ತದೆ. ಅದು ಬಿಡುವ ಇಂಗಾಲಾಮ್ಲವೂ ಅಲ್ಲಿಂದಲೇ ಹೊರಹೋಗುತ್ತದೆ. ಬಾದಾಮಿಯ ಅಗಸ್ತ್ಯತೀರ್ಥದಂತೆ ಅಗಲವಾಗಿ ಹರಡಿದ ನೀರಿಗೂ, ಸೇದುಬಾವಿಯ ನೀರಿಗೂ ಇರುವ ಅಂತರವೇ ಇದು. ಒಂದು ಅಡಿ ಉದ್ದ, ಒಂದು ಅಡಿ ಅಗಲ, ಎರಡು ಅಡಿ ಎತ್ತರದ ತೊಟ್ಟಿಯಲ್ಲಿ ಸುಮಾರು ೫೬ ಲೀಟರು ನೀರು ಹಿಡಿಯುತ್ತದೆ. ಮೇಲ್ಮೈ ಮಾತ್ರ ೧೪೪ ಚದರ ಅಂಗುಲ. ಅಷ್ಟೇ ನೀರು ಹಿಡಿಯುವ ತೊಟ್ಟಿಯನ್ನು ಅಡ್ಡಲಾಗಿ ಮಾಡಿಸಿದರೆ ಮೇಲ್ಮೈ ೨೮೮ ಚದರ ಅಂಗುಲವಾಗುತ್ತದೆ. ಚಿಕ್ಕ ಮೀನುಗಳಿಗೆ, ಬಾಲ ಬಿಟ್ಟು ಒಂದು ಅಂಗುಲ ಮೈಗೆ ೧೨ ಚದರ ಅಂಗುಲ ಮೇಲ್ಮೈ ಬೇಕೆಂಬುದು ಸಾಕುವವರ ಹಳೆಯ ಲೆಕ್ಕ. ಈ ಲೆಕ್ಕದಂತೆ ಎತ್ತರದ ತೊಟ್ಟಿಯಲ್ಲಿ ಒಟ್ಟು ೧೨ ಅಂಗುಲ ಮೀನಿಗಷ್ಟೇ ಸ್ಥಳವುಂಟು.

ನಮ್ಮ ಸೀಮೆಯಲ್ಲಿ ಅಷ್ಟನ್ನೂ ತುಂಬಬಾರದು. ನೀರು ಕಾದಂತೆ ಅದರಲ್ಲಿ ಕರಗುವ ಪ್ರಾಣವಾಯು ಕಡಿಮೆಯಾಗುತ್ತದೆ. ೨೦ ಅಂಶ ಸೆಂಟಿಗ್ರೇಡಿನಲ್ಲಿ ಲೀಟರಿಗೆ ಸುಮಾರು ೯ ಮಿಲಿಗ್ರಾಂ ಕರಗಿದರೆ, ೩೫ ಅಂಶದಲ್ಲಿ ೭ ಮಿಲಿಗ್ರಾಂ ಮಾತ್ರ. ಬಾಗಲಕೋಟೆಯಲ್ಲಿ ಏಪ್ರಿಲ್, ಮೇ ತಿಂಗಳ ಬಿಸಿಲು ೪೦ ಅಂಶ ಮುಟ್ಟುತ್ತದೆ. ಅಂಥ ರಾತ್ರಿ ವಿದ್ಯುತ್ತು ಹೋಗಿ ಗಾಳಿಯಂತ್ರ ನಿಂತರೆ, ತುಂಬಿದ ತೊಟ್ಟಿಯ ಮೀನುಗಳು ಬೆಳಗಾಗುವುದರೊಳಗೆ ಸತ್ತು ತೇಲಬಹುದು.

ಹಾಗಾದರೆ ಯಾವ ಮೀನು ತರಬೇಕು? ಮೊದಲ ಸ್ಥಾನ ಗೌರಾಮಿಯದು. ಇದರ ಕಿವಿರುಗಳ ಮೇಲೆ ಮಡಿಕೆ ಮಡಿಕೆಯಾದ ಒಂದು ಅಂಗವಿದೆ. ಮೀನು ಮೇಲಕ್ಕೆ ಬಂದು ಗಾಳಿಯನ್ನೇ ನುಂಗಿ ಅದರಿಂದ ಉಸಿರಾಡುತ್ತದೆ. ಬೇಸಿಗೆಯಲ್ಲಿ ಕೆಸರಾದ ಕೆರೆಯಲ್ಲಿಯೂ ನಮ್ಮ ಕೊರವ ಮೀನು ಬದುಕುವುದು ಇಂಥದೇ ಸೌಕರ್ಯದಿಂದ. ಗೌರಾಮಿಗಳಲ್ಲಿ ಚಿಕ್ಕ ಜಾತಿಯವು ಗಂಗಾ, ಬ್ರಹ್ಮಪುತ್ರಾ ಬಯಲಿನವು. ಸಾಮಾನ್ಯವಾಗಿ ಎರಡು, ಎರಡೂವರೆ ಅಂಗುಲಕ್ಕಿಂತ ಹೆಚ್ಚು ಬೆಳೆಯುವುದಿಲ್ಲ. ಅಂಥದೊಂದರ ಜೊತೆಗೆ ನಾಲ್ಕು ಗಂಡು ಗಪ್ಪಿಗಳಿದ್ದರೆ ತೊಟ್ಟಿಗೆ ಶೋಭೆಯೂ ಬಂತು, ಲೆಕ್ಕವೂ ಮೀರಲಿಲ್ಲ. ಗಪ್ಪಿಗೆ ಗಡಸು ನೀರು ಒಗ್ಗುವುದರಿಂದ ಕೊಳವೆಬಾವಿಯ ನೀರಿಗೆ ಅದು ಅಂಜುವುದಿಲ್ಲ. ಹೆಣ್ಣನ್ನೂ ಬಿಟ್ಟರೆ ಕೆಲವೇ ತಿಂಗಳಲ್ಲಿ ತೊಟ್ಟಿ ಮರಿಗಳಿಂದ ತುಂಬಿಹೋದೀತು.

ಎತ್ತರದ ತೊಟ್ಟಿಗೆಂದೇ ಹುಟ್ಟಿದಂತೆ ಕಾಣುವುದು ಅಮೆಜಾನ್ ನದಿಯ ಏಂಜೆಲ್ ಮೀನು. ಅಂಗಡಿಯಲ್ಲಿ ರೂಪಾಯಿಯಷ್ಟಿರುವ ಮರಿ, ಬೆಳೆದಾಗ ರೆಕ್ಕೆಗಳೂ ಸೇರಿ ಗೇಣುದ್ದ ನಿಲ್ಲುತ್ತದೆ. ಎತ್ತರ ಅದಕ್ಕೆ ಬೇಕೇ ಬೇಕು. ಆದರೆ ತಿರುಗಾಡಲು ಒಂದೂವರೆ ಅಡಿಯಾದರೂ ಉದ್ದ ಬೇಕು. ಸಣ್ಣ ಮೀನುಗಳನ್ನು ಅದು ನುಂಗಿಬಿಡುವುದರಿಂದ ಗಪ್ಪಿಗಳ ಜೊತೆಗೆ ಇಡಬಾರದು.

ಚಿನ್ನದ ಮೀನನ್ನು ಎಲ್ಲರೂ ಕೇಳುತ್ತಾರೆ. ಅದು ದೊಡ್ಡದಾಗಿ ಬೆಳೆಯುತ್ತದೆ, ಹೊಲಸನ್ನೂ ಬಹಳ ಮಾಡುತ್ತದೆ. ಕಿರಿದಾದ ತೊಟ್ಟಿ ಅದಕ್ಕೆ ಸಲ್ಲದು. ಅಡ್ಡಡ್ಡ ಓಡುವ ಜೀಬ್ರಾ ಮೀನಿಗೆ ಉದ್ದ ಸಾಲದು. ತಳದಲ್ಲಿದ್ದು ಆಗಾಗ ಗಾಳಿಗಾಗಿ ಮೇಲಕ್ಕೇರುವ ಕೋರಿಡೋರಾಸಿಗೆ ಎರಡು ಅಡಿ ದೂರದ ಪಯಣವಾಗುತ್ತದೆ. ಸಯಾಮಿನ ಕಾಳಗದ ಮೀನು ಗಾಳಿ ನುಂಗಬಲ್ಲುದಾದರೂ, ಉದ್ದ ರೆಕ್ಕೆ ಹೊತ್ತು ಅಷ್ಟು ಎತ್ತರ ಏರಲು ಬಳಲುತ್ತದೆ.

ತಳಕ್ಕೆ ಹಾಕುವ ಕಲ್ಲಿನ ವಿಷಯದಲ್ಲಿ ನಮ್ಮ ಸೀಮೆಯವರು ಭಾಗ್ಯವಂತರು. ಇಳಕಲ್ಲಿನ ಕೆಂಪು ಗ್ರಾನೈಟಿನ ಚೂರು ನೀರನ್ನು ಕೆಡಿಸುವುದಿಲ್ಲ. ಬಾದಾಮಿಯ ಮರಳುಗಲ್ಲೂ ಸಾಮಾನ್ಯವಾಗಿ ನಿರಪಾಯವಾದದ್ದು. ಬಾಗಲಕೋಟೆಯ ಸುತ್ತ ಸಿಗುವ ಸುಣ್ಣಕಲ್ಲು ಮಾತ್ರ ನಿಧಾನವಾಗಿ ಕರಗಿ ನೀರಿನ ಗಡಸುತನವನ್ನು ಹೆಚ್ಚಿಸುತ್ತದೆ. ಕಲ್ಲಿನ ಮೇಲೆ ನಿಂಬೆಹಣ್ಣಿನ ರಸ ಹಿಂಡಿರಿ. ನೊರೆಯೆದ್ದರೆ ಅದನ್ನು ಹೊರಗಿಡಿರಿ.

ಇನ್ನು ಕೆಲವು ಮಾತುಗಳನ್ನು ಲಕ್ಷ್ಯದಲ್ಲಿಡಬೇಕು. ನೀರಿನ ಆಳ ಇಮ್ಮಡಿಯಾದರೆ ತಳದ ಒತ್ತಡವೂ ಇಮ್ಮಡಿ. ಗಾಜು ದಪ್ಪವಿರಲಿ, ಕೆಳಗಿನ ಪೀಠ ಗಟ್ಟಿಯಾಗಿರಲಿ. ಮುಚ್ಚಳಕ್ಕೂ ನೀರಿಗೂ ನಡುವೆ ಎರಡು ಅಂಗುಲ ಗಾಳಿ ಬಿಡಿರಿ. ಗಾಳಿಯಂತ್ರದ ಕೊಳವೆ ತಳದವರೆಗೆ ಇಳಿದರೆ ಗುಳ್ಳೆಗಳು ಕೆಳಗಿನ ನೀರನ್ನು ಮೇಲಕ್ಕೆ ತರುತ್ತವೆ. ಮೂರು ನಿಮಿಷದಲ್ಲಿ ಮುಗಿಯುವಷ್ಟೇ ಆಹಾರ ಹಾಕಿರಿ. ಉಳಿದದ್ದು ಕೈಗೆಟುಕದ ತಳ ಸೇರಿ ಕೊಳೆಯುತ್ತದೆ. ಅದನ್ನು ರಬ್ಬರಿನ ಕೊಳವೆಯಿಂದ ಹೀರಿ ತೆಗೆದು, ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸಬೇಕು. ನಳದ ನೀರನ್ನು ಒಂದು ದಿನ ಅಗಲ ಬಾಯಿಯ ಪಾತ್ರೆಯಲ್ಲಿ ತೆರೆದಿಟ್ಟರೆ ಅದರ ಕ್ಲೋರಿನ್ ಹಾರಿಹೋಗುತ್ತದೆ.

ವಿದ್ಯುತ್ತು ಹೋದ ರಾತ್ರಿ ಒಂದು ಲೋಟದಿಂದ ನೀರೆತ್ತಿ, ಮೇಲಿನಿಂದ ಸುರಿಯುತ್ತಿದ್ದರೂ ಮೀನುಗಳಿಗೆ ಉಸಿರು ಸಿಗುತ್ತದೆ. ಐದು ಮೀನಿರುವ ತೊಟ್ಟಿಗೆ ಈ ಉಪಾಯ ಸಾಕು; ಇಪ್ಪತ್ತು ಮೀನಿರುವ ತೊಟ್ಟಿಗೆ ಸಾಲದು.