ಕಾಯಿ ತಪ್ಪಿದರೆ ಕೋವಿ ಮೇಲೆ ಗೂಬೆ!

ಮಡಿಕೇರಿ: ಸೆಪ್ಟೆಂಬರ್ 3ರ ಕೈಲ್‌ಪೊಳ್ದ್ ಬಂತೆಂದರೆ ಕೊಡಗಿನ ಮನೆಗಳಲ್ಲಿ ಕೋವಿಗೆ ಪೂಜೆ, ತೋಕ್ ಪೂವಿನ ಸಿಂಗಾರ. ಕಡುಂಬುಟ್ಟು, ಪಂದಿಕರಿ ಊಟ ಮುಗಿಯಿತೋ, ಮೈದಾನದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ. ಕಾಯಿ ಚೂರಾದರೆ ಕೇಕೆ. ತಪ್ಪಿದರೆ? ‘ಕೋವಿ ಸರಿ ಇಲ್ಲ ಮಾರಾಯ್ರೇ, ಈ ಸಲದ ತೋಟಾನೇ ಹಾಳು’ ಎಂಬ ಸಬೂಬು ಸಿದ್ಧ.

ತೋಟಾ ತೋಟಾಗೆ ವ್ಯತ್ಯಾಸ ಇರೋದು ನಿಜ. ಆದರೆ .22 ರೈಫಲಿನಲ್ಲಿ ವೇಗ ನೂರಕ್ಕೆ ಮೂರರಷ್ಟು ಏರುಪೇರಾದರೂ 50 ಮೀಟರಿನಲ್ಲಿ ಗುಂಡು ಮೇಲೆ ಕೆಳಗೆ ಆಗುವುದು ಒಂದು ಸೆಂಟಿಮೀಟರಿಗಿಂತ ಕಮ್ಮಿ. ಅಷ್ಟಕ್ಕೆಲ್ಲ ತೆಂಗಿನಕಾಯಿ ತಪ್ಪಿಸಿಕೊಳ್ಳೋದಿಲ್ಲ ಬಿಡಿ! ಒಲಿಂಪಿಕ್ಸಿನಲ್ಲಿ ಮಾತ್ರ ಲೆಕ್ಕ ಬೇರೆ. ಅಲ್ಲಿ ಅದೇ 50 ಮೀಟರಿನಲ್ಲಿ ಹತ್ತು ಅಂಕದ ವೃತ್ತ 10.4 ಮಿಲಿಮೀಟರ್.

ಸಾವಿರ ಗಜದ ಪಂದ್ಯಕ್ಕೆ ಹೋದರೆ ಇನ್ನೂ ಕಷ್ಟ. ಅಲ್ಲಿ ವೇಗ ನೂರಕ್ಕೆ ಒಂದರಷ್ಟು ತಪ್ಪಿದರೂ ಗುಂಡು ಒಂದು ಗೇಣು ಆಚೀಚೆ. ಅದಕ್ಕೇ ಅಮೆರಿಕದಂಥ ಕಡೆ ಪಂದ್ಯಗಾರರು ತೋಟಾವನ್ನು ತಾವೇ ಕೈಯಾರೆ ತುಂಬುತ್ತಾರೆ. ಮದ್ದನ್ನು ಅಕ್ಕಸಾಲಿಗರು ಚಿನ್ನ ತೂಗಿದಂತೆ ತೂಗುತ್ತಾರೆ. ಹಿತ್ತಾಳೆ ಕೊಳವೆಗಳೆಲ್ಲ ಒಂದೇ ಉದ್ದ, ಗುಂಡುಗಳೆಲ್ಲ ಒಂದೇ ಆಳ. (.22ರ ತೋಟಾ ಹಾಗೆ ಮತ್ತೆ ತುಂಬಲು ಬಾರದು. ಅದರ ಕೇಪಿನ ಮದ್ದು ಇರುವುದು ಅಂಚಿನೊಳಗೆ.)

ಈ ಹುಚ್ಚಿಗೆ ಹಿರಿಯಣ್ಣ ಅಮೆರಿಕದ ಡಾಕ್ಟರ್ ಫ್ರಾಂಕ್ಲಿನ್ ಮ್ಯಾನ್. ಒಂದೇ ಕೋವಿ, ಒಂದೇ ಮದ್ದು. ಗುಂಡುಗಳು ಒಂದೇ ತೂತಿನಲ್ಲಿ ಯಾಕೆ ಹೋಗಲ್ಲ? ಈ ಒಂದು ಪ್ರಶ್ನೆಗೆ ಆತ ದಶಕಗಳನ್ನೇ ಸವೆಸಿದ. ಕೈನಡುಕದ ಸಬೂಬೇ ಬೇಡವೆಂದು ನಳಿಗೆಯನ್ನು ಕಾಂಕ್ರೀಟ್ ಕಂಬದ ಮೇಲೆ ಕೂರಿಸಿದ. ಹೊಡೆದ ಗುಂಡುಗಳನ್ನು ಮರದ ಹೊಟ್ಟಿನಲ್ಲಿ ಹಿಡಿದು ಪರೀಕ್ಷಿಸಿದ. ಬೇಕೆಂದೇ ಗುಂಡಿನ ಮೂತಿ ಕೆಡಿಸಿದರೆ ದೊಡ್ಡ ನಷ್ಟವಿಲ್ಲ, ಬುಡ ಒಂದು ಕಡೆ ಸವೆದರೆ ದಾರಿ ತಪ್ಪುತ್ತದೆ ಎಂದು ಕಂಡುಕೊಂಡ. ಎಲ್ಲರ ಕಣ್ಣು ಮೂತಿ ಮೇಲೆ. ಕಳ್ಳ ಕೂತಿದ್ದು ಬುಡದಲ್ಲಿ! ಅವನ ಪುಸ್ತಕ ಅಚ್ಚಾಗಿದ್ದು 1909ರಲ್ಲಿ.

ಇದನ್ನೋದಿ ಯಾರೂ ಮನೆಯಲ್ಲಿ ಮದ್ದು ಅಳೆಯಲು ಕೂರಬೇಡಿ. ಹಳೇ ಕೇಪಿನ ಕೋವಿಗೆ ಕಪ್ಪುಮದ್ದನ್ನು ಅಳತೆಯಲ್ಲಿ ಸುರಿಯುವ ರೂಢಿ ಉಂಟು. ಅದೇ ಅಳತೆಗೆ ಈಗಿನ ಹೊಗೆಯಿಲ್ಲದ ಮದ್ದು ಸುರಿದರೆ ನಳಿಗೆ ಸಿಡಿಯುತ್ತದೆ. ಹೋಗುವುದು ಬೆರಳು, ಇಲ್ಲವೇ ಕಣ್ಣು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿ ಇದೆ, 2029ರ ಅಕ್ಟೋಬರ್ 31ರವರೆಗೆ. ಅದು ಕೋವಿ ಇಟ್ಟುಕೊಳ್ಳಲು, ತೋಟಾ ತಯಾರಿಸಲು ಅಲ್ಲ. ಲೈಸೆನ್ಸಿಲ್ಲದೆ ತಯಾರಿಸುವುದು 1959ರ ಆಯುಧ ಕಾಯ್ದೆಯಲ್ಲಿ ಅಪರಾಧ.

ಹಾಗಾದರೆ ಪಂದ್ಯಗಾರ ಮಾಡಬೇಕಾದ್ದೇನು? ಬಟ್ಟೆ ಅಂಗಡಿಯವರಿಗೆ ಇದು ಗೊತ್ತು: ಬಣ್ಣ ಅದೇ ಆದರೂ ಲಾಟ್ ಬೇರೆ ಬಂದರೆ ರವಿಕೆ ಸೀರೆಗೆ ಹೊಂದುವುದಿಲ್ಲ. ತೋಟಾ ಪೆಟ್ಟಿಗೆಯ ಮೇಲೂ ಲಾಟ್ ನಂಬರ್ ಇರುತ್ತದೆ. ಒಂದೇ ನಂಬರಿನದು ಕೇಳಿ ಕೊಳ್ಳಬೇಕು. ಹಬ್ಬಕ್ಕೆ ಮೊದಲೇ ರೇಂಜಿನಲ್ಲಿ ಹತ್ತು ಗುಂಡು ಕಾಗದಕ್ಕೆ ಹೊಡೆದು ನೋಡಬೇಕು. ಹತ್ತೂ ಒಂದೇ ಕಡೆ ಗುಂಪಾಗಿ ಬಿದ್ದವೋ, ಆಮೇಲೆ ತೆಂಗಿನಕಾಯಿ ಮುಂದೆ ತೋಟಾವನ್ನು ಬೈಯುವಂತಿಲ್ಲ.