ಪರಕೀಯವಾದುದು ಯಾವುದು?

ಹೊಸದಾಗಿ ಸ್ವಾತಂತ್ರ್ಯ ಪಡೆದ ರಾಷ್ಟ್ರಗಳಲ್ಲಿ ಒಂದು ಮಾತು ಮೇಲಿಂದ ಮೇಲೆ ಕೇಳಿಬರುತ್ತದೆ: “ಇದು ನಮ್ಮ ಸಂಸ್ಕೃತಿಯಲ್ಲ, ಪರದೇಶದಿಂದ ಬಂದದ್ದು.” ಉಡುಗೆ ತೊಡುಗೆಗಳ ವಿಷಯದಲ್ಲಿ ಈ ಮಾತಿನಿಂದ ಹೆಚ್ಚಿನ ಹಾನಿಯೇನೂ ಇಲ್ಲ. ಆದರೆ ಮನುಷ್ಯರ ಖಾಸಗಿ ಬಾಳನ್ನು ಆಳುವ ಕಾನೂನಿನ ವಿಷಯದಲ್ಲಿ ಇದನ್ನಾಡಿದಾಗ ಸೆರೆವಾಸ, ಪ್ರಾಣಗಳ ಪ್ರಶ್ನೆಯೇ ಏಳುತ್ತದೆ. ಪೂರ್ವ ಆಫ್ರಿಕದ ಯುಗಾಂಡದಲ್ಲಿ ಸಲಿಂಗ ಸಂಬಂಧವನ್ನು ಕುರಿತು ನಡೆದಿರುವ ವಾದವು ಇದಕ್ಕೆ ಒಳ್ಳೆಯ ನಿದರ್ಶನ. ರಾಜ್ಯಶಾಸ್ತ್ರದ ವಿದ್ಯಾರ್ಥಿಯಾದ ನನಗೆ ಅದರಲ್ಲಿ ನಮ್ಮ ದೇಶದ ಮುಖವೂ ಕಂಡುದರಿಂದ, ಅದನ್ನು ಇಲ್ಲಿ ವಿವರಿಸಲು ಯತ್ನಿಸಿದ್ದೇನೆ.

ಮೊದಲು ಕಾನೂನಿನ ವಂಶಾವಳಿಯನ್ನು ನೋಡೋಣ. 1894ರಲ್ಲಿ ಯುಗಾಂಡವು ಬ್ರಿಟಿಷರ ಆಶ್ರಿತ ರಾಜ್ಯವಾಯಿತು. ಭಾರತಕ್ಕೆಂದು 1860ರಲ್ಲಿ ರಚಿಸಿದ್ದ ದಂಡಸಂಹಿತೆಯನ್ನು ಬ್ರಿಟಿಷರು ಪೂರ್ವ ಆಫ್ರಿಕಕ್ಕೂ ಒಯ್ದರು. ನಿಸರ್ಗಕ್ಕೆ ವಿರುದ್ಧವಾದ ಸಂಭೋಗವನ್ನು ದಂಡಿಸುವ ಅದರ 377ನೆಯ ಕಲಮು ನಮಗೆ ಪರಿಚಿತವೇ. ಮುಂದೆ ಸಂಹಿತೆ ಬದಲಾದರೂ ಆ ಅಪರಾಧ ಉಳಿಯಿತು. 1950ರ ಸಂಹಿತೆಯ 145ನೆಯ ಕಲಮಿನಲ್ಲಿ ಅದಕ್ಕೆ ಕಾಲಾಂತರದಲ್ಲಿ ಜೀವಾವಧಿ ಸಜೆ ಗೊತ್ತಾಯಿತು. 1962ರ ಅಕ್ಟೋಬರ್ 9ರಂದು ಬ್ರಿಟಿಷರ ಆಳ್ವಿಕೆ ಮುಗಿಯಿತು. ಅವರ ಕಲಮು ಹೋಗಲಿಲ್ಲ.

2009ರ ಮಾರ್ಚಿಯಲ್ಲಿ ಸ್ಕಾಟ್ ಲೈವ್ಲಿ ಎಂಬ ಅಮೆರಿಕದ ಪಾದ್ರಿ ಕಂಪಾಲಾ ನಗರಕ್ಕೆ ಬಂದು ಸಲಿಂಗ ಸಂಬಂಧದ ವಿರುದ್ಧ ಉಪನ್ಯಾಸ ಮಾಡಿದನು. ಅದೇ ವರ್ಷ ಡೇವಿಡ್ ಬಹಾಟಿ ಎಂಬ ಸದಸ್ಯನು ಕೆಲವು ಪ್ರಸಂಗಗಳಿಗೆ ಮರಣದಂಡನೆಯನ್ನೂ ವಿಧಿಸುವ ಮಸೂದೆಯನ್ನು ಪಾರ್ಲಿಮೆಂಟಿಗೆ ತಂದನು. ಮರಣದಂಡನೆಯನ್ನು ಬಿಟ್ಟ ರೂಪದಲ್ಲಿ ಅದಕ್ಕೆ ಅಧ್ಯಕ್ಷ ಮುಸೆವೆನಿಯವರು 2014ರ ಫೆಬ್ರುವರಿಯಲ್ಲಿ ಸಹಿ ಹಾಕಿದರು. ಸಭೆಯಲ್ಲಿ ಕೋರಂ ಇರಲಿಲ್ಲವೆಂಬ ಕಾರಣದಿಂದ ಆಗಸ್ಟ್ 1ರಂದು ಸಂವಿಧಾನ ನ್ಯಾಯಾಲಯವು ಅದನ್ನು ರದ್ದುಪಡಿಸಿತು. 2023ರ ಮೇ ತಿಂಗಳಲ್ಲಿ ಬಂದ ಇನ್ನೊಂದು ಕಾನೂನು ಮರಣದಂಡನೆಯನ್ನು ಮತ್ತೆ ತಂದಿತು. 2024ರ ಏಪ್ರಿಲ್ 3ರಂದು ನ್ಯಾಯಾಲಯವು ಅದರ ಕೆಲವೇ ಭಾಗಗಳನ್ನು ತೆಗೆದುಹಾಕಿ ಉಳಿದುದನ್ನು ಎತ್ತಿಹಿಡಿಯಿತು.

ಈಗ ಎರಡೂ ಪಕ್ಷಗಳ ವಾದವನ್ನು ಕೇಳಿರಿ. ಇಂಥ ಸಂಬಂಧವೇ ಬಿಳಿಯರಿಂದ ಬಂದ ಜಾಡ್ಯವೆಂದು ಕಾನೂನಿನ ಬೆಂಬಲಿಗರು ಹೇಳುತ್ತಾರೆ. ಕಾನೂನೇ ಬಿಳಿಯರದು, ಅದಕ್ಕೆ ಈಚೆಗೆ ನೀರೆರೆದವರೂ ಬಿಳಿಯ ಪಾದ್ರಿಗಳೇ ಎಂದು ವಿರೋಧಿಗಳು ಉತ್ತರಿಸುತ್ತಾರೆ. ಇತಿಹಾಸವನ್ನು ಸಾಕ್ಷಿಗೆ ಕರೆದರೂ ಜಗಳ ತೀರುವುದಿಲ್ಲ. 1885ರಿಂದ 1887ರ ಅವಧಿಯಲ್ಲಿ ಬುಗಾಂಡದ ಅರಸ ಮ್ವಾಂಗನು ಕ್ರೈಸ್ತರಾಗಿದ್ದ ತನ್ನ ಆಸ್ಥಾನ ಸೇವಕರನೇಕರನ್ನು ಕೊಲ್ಲಿಸಿದನು. ಅವರು ಅವನ ಕಾಮಕ್ಕೆ ಒಪ್ಪದಿದ್ದುದೂ ಒಂದು ಕಾರಣವೆನ್ನುತ್ತಾರೆ. ಅವರಲ್ಲಿ 22 ಮಂದಿ ಕ್ಯಾಥೊಲಿಕರನ್ನು 1964ರಲ್ಲಿ ಪೋಪರು ಸಂತರೆಂದು ಸಾರಿದರು. ಒಬ್ಬರು ಈ ಕಥೆಯಲ್ಲಿ ಹುತಾತ್ಮರನ್ನು ಕಾಣುತ್ತಾರೆ. ಇನ್ನೊಬ್ಬರು ಬ್ರಿಟಿಷರ ಆಳ್ವಿಕೆಗೆ ಮೊದಲೇ ದೇಶೀಯ ಅರಮನೆಯಲ್ಲಿ ಅಂಥ ಬಯಕೆ ಇತ್ತೆಂಬುದಕ್ಕೆ ಆಧಾರ ಕಾಣುತ್ತಾರೆ. ಅರಬ್ ವರ್ತಕರು ಕಲಿಸಿದರೆಂದು ಮತ್ತೆ ಕೆಲವರು ವಾದಿಸುತ್ತಾರೆ.

ಹಣದ ಪ್ರಭಾವವೂ ಇಲ್ಲದಿಲ್ಲ. 2014ರಲ್ಲಿ ಕೆಲವು ಯೂರೋಪಿನ ರಾಷ್ಟ್ರಗಳು ಸರ್ಕಾರಕ್ಕೆ ಕೊಡುತ್ತಿದ್ದ ನೆರವನ್ನು ನಿಲ್ಲಿಸಿದವು. 2023ರ ಆಗಸ್ಟಿನಲ್ಲಿ ವಿಶ್ವಬ್ಯಾಂಕು ಹೊಸ ಸಾಲಗಳನ್ನು ತಡೆಹಿಡಿದು, 2025ರಲ್ಲಿ ಮತ್ತೆ ಕೊಡಲೊಪ್ಪಿತು. ಅಷ್ಟರಲ್ಲಿ ಕಾನೂನೇನೂ ರದ್ದಾಗಿರಲಿಲ್ಲ. ಸಾಲದ ಬೆದರಿಕೆಯಿಂದ ಆದುದಿಷ್ಟೇ: ಪ್ರಶ್ನೆ ನಾಗರಿಕನ ಹಕ್ಕಿನದು ಎಂಬುದು ಮರೆಯಾಗಿ, ರಾಷ್ಟ್ರದ ಮಾನದ್ದು ಎಂದಾಯಿತು. ಸೆರೆಗೆ ಹೋಗಬೇಕಾದವನು ಯುಗಾಂಡದ ಮಗನೇ ಎಂಬುದನ್ನು ಇಬ್ಬರೂ ಮರೆತರು. 2014ರಲ್ಲಿ ನ್ಯಾಯಾಲಯಕ್ಕೆ ಹೋದವರು ಹೊರಗಿನವರಲ್ಲ. ಪ್ರಾಧ್ಯಾಪಕ ಒಲೋಕಾ-ಒನ್ಯಾಂಗೊ, ಪ್ರಾಧ್ಯಾಪಕಿ ಸಿಲ್ವಿಯಾ ತಮಾಲೆ ಮೊದಲಾದ ಆ ದೇಶದ ಪ್ರಜೆಗಳೇ.

ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆ ನಮ್ಮಲ್ಲಿದೆ. ಈ ವಿವಾದದಲ್ಲಿ ಅದು ತಲೆಕೆಳಗಾಗಿ, ಹಿತ್ತಲಿನದೆಲ್ಲ ಮದ್ದು, ಹೊರಗಿನದೆಲ್ಲ ವಿಷವೆಂದಾಗಿದೆ. ಎರಡೂ ಸರಿಯಲ್ಲ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಈ ಕಾಲೇಜು, ಈ ಬಿ.ಎ. ಪದವಿ, ವಯಸ್ಕ ಮತದಾನ ಎಲ್ಲವೂ ಹೊರಗಿನ ಮಾದರಿಯವೇ. ಅಷ್ಟರಿಂದ ಅವು ನಮ್ಮವಲ್ಲವೆಂದು ಯಾರೂ ಹೇಳರು. 2018ರ ಸೆಪ್ಟೆಂಬರ್ 6ರಂದು ನಮ್ಮ ಸರ್ವೋಚ್ಚ ನ್ಯಾಯಾಲಯವು, ವಯಸ್ಕರು ಪರಸ್ಪರ ಒಪ್ಪಿ ಖಾಸಗಿಯಾಗಿ ನಡೆಸುವ ಬಾಳಿಗೆ 377ನೆಯ ಕಲಮು ತಗುಲದೆಂದು ತೀರ್ಪಿತ್ತಿತು. ಆ ಕಲಮಿನ ಮೂಲ ಮೆಕಾಲೆಯ ಕರಡಿನಲ್ಲಿದೆಯೆಂಬುದು ನಿಜವಾದರೂ ತೀರ್ಪು ನಿಂತದ್ದು ಅದರ ಮೇಲಲ್ಲ. ನಮ್ಮ ಸಂವಿಧಾನವು ಪ್ರತಿಯೊಬ್ಬ ಪ್ರಜೆಗೂ ಕೊಟ್ಟಿರುವ ಸಮಾನತೆ, ಘನತೆಗಳ ಮೇಲೆ.

ಆದುದರಿಂದ ಕಾನೂನಿನ ತವರನ್ನು ಹುಡುಕುವುದು ಚರಿತ್ರಕಾರನ ಕೆಲಸ. ಪ್ರಜೆಯ ಕೆಲಸ ಬೇರೆ. ಈ ಕಾನೂನು ಯಾರಿಂದ ಯಾರನ್ನು ರಕ್ಷಿಸುತ್ತದೆ? ಯಾರಿಗೂ ಕೇಡು ಮಾಡದವನನ್ನು ಸೆರೆಗೆ ತಳ್ಳುತ್ತದೆಯೆ? ಈ ಎರಡು ಪ್ರಶ್ನೆಗಳನ್ನು ಅವನು ಕೇಳಬೇಕು. ಈ ವರ್ಷ ಪದವಿ ಪಡೆದು ಊರುಗಳಿಗೆ ಹಿಂದಿರುಗಲಿರುವ ನನ್ನ ಸಹಪಾಠಿಗಳು, “ಇದು ನಮ್ಮದಲ್ಲ” ಎಂಬ ಮಾತು ಕಿವಿಗೆ ಬಿದ್ದಾಗಲೆಲ್ಲ, ಇವನ್ನು ಕೇಳಿ ನೋಡಬೇಕೆಂಬುದು ನನ್ನ ವಿನಂತಿ.