ಚೌಪಾಟಿ ಮರಳಿಗೆ ಟೆಂಪೊ ಇಳಿಸುವ ಮೊದಲು

ಗಣಪತಿ ಹಬ್ಬ ಹತ್ತಿರ ಬಂತೆಂದರೆ ನನಗೆ ಬರುವ ಫೋನುಗಳಲ್ಲಿ ಒಂದೇ ಪ್ರಶ್ನೆ. "ಅಣ್ಣ, ವಿಸರ್ಜನೆಗೆ ಗಾಡಿಯನ್ನು ಮರಳಿನ ಮೇಲೆ ಇಳಿಸಬಹುದಾ?" ಕೇಳುವವರು ಅಂಧೇರಿ, ಜೋಗೇಶ್ವರಿ, ಮಲಾಡ್ ಕಡೆಯ ನಮ್ಮವರೇ. ವರ್ಷವಿಡೀ ತರಕಾರಿ, ಗ್ಯಾಸ್ ಸಿಲಿಂಡರ್, ಮನೆ ಸಾಮಾನು ಸಾಗಿಸುವ ಟೆಂಪೊದವರು ಹಬ್ಬದಲ್ಲಿ ಒಂದು ದಿನ ದೇವರನ್ನು ಹೊರುತ್ತಾರೆ. ಡಾಂಬರಿನ ಮೇಲೆ ಇವರಿಗೆ ಯಾರೂ ಪಾಠ ಹೇಳಬೇಕಿಲ್ಲ. ಮರಳಿನ ಮೇಲೆ ಮಾತ್ರ ಹೆಚ್ಚಿನವರು ಹೊಸಬರು. ನಾನೂ ಒಂದು ಕಾಲದಲ್ಲಿ ಹೊಸಬನೇ ಆಗಿದ್ದೆ. ಆದರೆ ಹಳಬ ಎಂದುಕೊಂಡಿದ್ದೆ.

ಹಾಗೆ ಅಂದುಕೊಳ್ಳಲು ಕಾರಣವೂ ಇತ್ತು. ಉಡುಪಿ ಕಡೆಯ ನನಗೆ ಹೊಯ್ಗೆ ಹೊಸದಲ್ಲ. ಹುಡುಗನಾಗಿದ್ದಾಗ ಹೊಳೆ ದಂಡೆಯಲ್ಲಿ ಹೊಯ್ಗೆ ಲಾರಿಗಳು ಹತ್ತಿ ಇಳಿಯುವುದನ್ನು ದಿನವೂ ನೋಡಿದ್ದೆ. ಹೊಳೆಯ ಹೊಯ್ಗೆ ದಪ್ಪ, ಸಮುದ್ರದ ಮರಳು ನುಣುಪು, ಹೊಳೆಯ ನೀರು ಗಂಟೆ ನೋಡಿಕೊಂಡು ಏರುವುದಿಲ್ಲ ಎಂಬಷ್ಟು ಸಣ್ಣ ವ್ಯತ್ಯಾಸ ತಲೆಗೆ ಹೊಳೆದಿರಲಿಲ್ಲ.

ಹದಿನೈದು ವರ್ಷಕ್ಕೂ ಹಿಂದಿನ ಮಾತು. ನನ್ನದು ಟಾಟಾ 407, ಸಾಲದ ಗಾಡಿ. ಇನ್ನೂ ಹದಿನೆಂಟು ಕಂತು ಬಾಕಿ. ನಮ್ಮ ವಠಾರದ ಮಂಡಳದ ಏಳಡಿ ಗಣಪತಿ, ಮೂರ್ತಿಯ ಸುತ್ತ ಹತ್ತು ಹನ್ನೆರಡು ಜನ, ಅವರ ಕಾಲ ಸಂದಿಯಲ್ಲಿ ಮಕ್ಕಳು. ಜುಹು ತಲುಪುವಾಗ ರಾತ್ರಿ ಎಂಟೂವರೆ. ಗಾಡಿಗಳು ಹೂತುಹೋಗದಿರಲೆಂದು ಮಹಾನಗರಪಾಲಿಕೆ ಪ್ರತಿವರ್ಷ ಮರಳಿನ ಮೇಲೆ ಉಕ್ಕಿನ ಹಲಗೆ ಹಾಸುತ್ತದೆ. ಆ ದಾರಿಯಲ್ಲಿ ಉದ್ದದ ಸಾಲು ನಿಂತಿತ್ತು. ಯಾರೋ ಒಬ್ಬರು, "ಪಕ್ಕದಿಂದ ಬಿಡಿ, ಮರಳು ಗಟ್ಟಿಯಿದೆ" ಎಂದರು. ಮರಳು ಗಟ್ಟಿಯಿದ್ದದ್ದೂ ನಿಜ. ಒದ್ದೆ ಮರಳಿನ ಮೇಲೆ ಗಾಡಿ ಸಲೀಸಾಗಿ ಓಡಿತು. ನೀರಿಗೆ ಇಪ್ಪತ್ತು ಹೆಜ್ಜೆ ಇರುವಾಗ ಆರತಿಗೆಂದು ನಿಲ್ಲಿಸಿ ಇಂಜಿನ್ ಬಂದ್ ಮಾಡಿದೆ.

ಆರತಿ ಮುಗಿಯಲು ಹತ್ತು ನಿಮಿಷ ಹಿಡಿಯಿತು. ಅಷ್ಟರಲ್ಲಿ ಅಲೆಯ ತುದಿ ಎರಡು ಸಲ ಹಿಂದಿನ ಗಾಲಿಯ ಕೆಳಗೆ ಹೋಗಿಬಂತು. ನನ್ನ ಕ್ಲೀನರ್ ಕಲಬುರಗಿ ಜೇವರ್ಗಿ ಕಡೆಯ ಹುಡುಗ. ಎರೆ ಹೊಲದಲ್ಲಿ ಟ್ರ್ಯಾಕ್ಟರ್ ಹೂತದ್ದನ್ನು ಕಂಡವನು. ಕೆಳಗಿಳಿದು ನೋಡಿದವನೇ ಕೂಗಿದ: "ಅಣ್ಣಾರ, ಹಿಂದಿನ ಗಾಲಿ ಕುಂತಾವ್ರಿ. ರೇಸ್ ಕೊಡಬ್ಯಾಡ್ರಿ!" ನಾನು ರೇಸ್ ಕೊಟ್ಟೆ. ಎಲ್ಲ ಡ್ರೈವರುಗಳೂ ಮಾಡುವ ತಪ್ಪು ಅದು. ಗಾಲಿ ತಿರುಗಿತು, ಗಾಡಿ ಮುಂದೆ ಹೋಗಲಿಲ್ಲ, ಕೆಳಗೆ ಹೋಯಿತು. ಎರಡನೇ ಸಲ ಕೊಟ್ಟಾಗ ಹಿಂದಿನ ಹೌಸಿಂಗ್ ಮರಳಿಗೆ ತಾಗಿ ಕೂತಿತು. ಹೌಸಿಂಗ್ ಕೂತ ಮೇಲೆ ಗಾಲಿಯ ಮೇಲೆ ಭಾರವೇ ಉಳಿಯುವುದಿಲ್ಲ. ಎಷ್ಟು ತಿರುಗಿಸಿದರೂ ಗುಂಡಿ ತೋಡಿದಂತೆಯೇ.

ಹತ್ತಿರವಿದ್ದ ಕೋಳಿ ಮೀನುಗಾರರೊಬ್ಬರು ಬಂದು ಗಾಡಿಯನ್ನು ನೋಡಲೇ ಇಲ್ಲ, ಮೇಲಿದ್ದವರನ್ನು ನೋಡಿದರು. "ದಾದಾ, ಮೊದಲು ಮಕ್ಕಳನ್ನು ಇಳಿಸಿ. ಆಮೇಲೆ ಬಪ್ಪಾನನ್ನು. ಗಾಡಿ ಆಮೇಲೆ." ಅವರ ಜೊತೆಯವರೇ ಮೂರ್ತಿಯನ್ನು ಹೆಗಲು ಕೊಟ್ಟು ಒಯ್ದರು. ಉಳಿದ ನಾವು ಗಾಡಿಗೆ ಹಗ್ಗ ಕಟ್ಟಿ ಇನ್ನೊಂದು ಟೆಂಪೊದಿಂದ ಎಳೆಸಿದೆವು. ಅದು ಸಾಮಾನು ಬಿಗಿಯುವ ಹಳೆಯ ಹಗ್ಗ. ಎಳೆತಕ್ಕೆ ತುಂಡಾಗಿ ಚಾಟಿಯಂತೆ ಹಿಂದಕ್ಕೆ ಬೀಸಿತು. ಹುಡುಗನ ಎಡಗೈ ಅಡ್ಡ ಬಂತು. ಮುಖಕ್ಕೆ ಬಿದ್ದಿದ್ದರೆ ಈ ಲೇಖನ ಬರೆಯುವ ಧೈರ್ಯ ನನಗಿರುತ್ತಿರಲಿಲ್ಲ. ಅವನಿಗೀಗ ಊರಲ್ಲಿ ಸ್ವಂತ ಗಾಡಿಯಿದೆ, ಆದರೆ ಎಡಗೈಯ ತೋರುಬೆರಳು ಇವತ್ತಿಗೂ ಪೂರ್ತಿ ಮಡಚುವುದಿಲ್ಲ. ಗಾಡಿ ಹೊರಬಂದದ್ದು ಬೆಳಗಿನ ಜಾವ ನೀರು ಇಳಿದ ಮೇಲೆ, ಜೆಸಿಬಿಯಿಂದ. ಆಗ ಬಾನೆಟ್ಟಿನವರೆಗೆ ಉಪ್ಪುನೀರು ನಿಂತ ಗುರುತಿತ್ತು.

ಆಮೇಲೆ ನಾನು ಮರಳಿಗಿಂತ ಹೆಚ್ಚಾಗಿ ಪಂಚಾಂಗ ನೋಡಲು ಕಲಿತೆ. ತಮಾಷೆಯಲ್ಲ. ಅನಂತ ಚತುರ್ದಶಿ ಯಾವಾಗಲೂ ಹುಣ್ಣಿಮೆಯ ಮುನ್ನಾದಿನ. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ಸೂರ್ಯ ಚಂದ್ರರ ಸೆಳೆತ ಒಂದೇ ಸಾಲಿಗೆ ಬಂದು ಉಬ್ಬರವೂ ದೊಡ್ಡದು, ಇಳಿತವೂ ದೊಡ್ಡದು. ಮುಂಬಯಿ ಕರಾವಳಿಯಲ್ಲಿ ಈ ದಿನಗಳ ಉಬ್ಬರ ಹೆಚ್ಚುಕಡಿಮೆ ಮಧ್ಯಾಹ್ನ ಹನ್ನೊಂದು ಹನ್ನೆರಡಕ್ಕೆ ಒಮ್ಮೆ, ನಡುರಾತ್ರಿಯ ಹತ್ತಿರ ಇನ್ನೊಮ್ಮೆ. ನಡುವೆ ಸಂಜೆ ಐದು ಆರರ ಹೊತ್ತಿಗೆ ನೀರು ತೀರಾ ಕೆಳಗೆ. ಅಂದರೆ ಸಂಜೆ ಬಂದವರಿಗೆ ಅಗಲವಾದ, ಗಟ್ಟಿಯಾದ, ಮೈದಾನದಂಥ ದಂಡೆ ಕಾಣುತ್ತದೆ. ಮೆರವಣಿಗೆಗಳು ಬಂದು ಸೇರುವ ರಾತ್ರಿ ಹೊತ್ತಿಗೆ ಅದೇ ದಂಡೆ ನೀರಿನಡಿಗೆ ಹೋಗುತ್ತಿರುತ್ತದೆ. ನೀರು ಒಂದೇ ವೇಗದಲ್ಲಿ ಏರುವುದೂ ಇಲ್ಲ. ಆರು ಗಂಟೆಯ ಏರಿಕೆಯಲ್ಲಿ ನಡುವಿನ ಎರಡು ಗಂಟೆಯಲ್ಲೇ ಅರ್ಧದಷ್ಟು ಏರಿಬಿಡುತ್ತದೆ. ನಾನು ಆರತಿಗೆ ನಿಲ್ಲಿಸಿದ್ದು ಅದರ ಬೆನ್ನಿಗೇ, ಏರಿಕೆಯ ಜೋರು ಇನ್ನೂ ತಗ್ಗದ ಹೊತ್ತು.

ಗೌರಿಯ ಜೊತೆ ಕಳಿಸುವ ಗಣಪತಿಗಳ ದಿನ ಸಾಮಾನ್ಯವಾಗಿ ಅಷ್ಟಮಿ ನವಮಿಯ ಹತ್ತಿರ. ಆಗ ಸಮುದ್ರ ಮಂದ, ಉಬ್ಬರದ ಗಂಟೆಯೂ ಬೇರೆ. "ಗೌರಿ ವಿಸರ್ಜನೆಗೆ ಇಲ್ಲೇ ನಿಲ್ಲಿಸಿದ್ದೆವಲ್ಲ, ಏನೂ ಆಗಲಿಲ್ಲ" ಎನ್ನುವವರು ಇದನ್ನು ಗಮನಿಸಬೇಕು. ಉಬ್ಬರದ ಹೊತ್ತು ದಿನಕ್ಕೆ ಸುಮಾರು ಐವತ್ತು ನಿಮಿಷ ಮುಂದೆ ಹೋಗುತ್ತದೆ. ಪಾಲಿಕೆ ಪ್ರತಿ ಮಳೆಗಾಲಕ್ಕೂ 4.5 ಮೀಟರಿಗಿಂತ ಎತ್ತರದ ಉಬ್ಬರದ ದಿನಗಳ ಪಟ್ಟಿ ಪ್ರಕಟಿಸುತ್ತದೆ. ಮರಾಠಿ ಪತ್ರಿಕೆಗಳಲ್ಲಿ 'ಭರತಿ', 'ಓಹೋಟಿ' ಎಂದು ದಿನದ ಗಂಟೆ ಬರುತ್ತದೆ. ಭರತಿ ಎಂದರೆ ಉಬ್ಬರ, ಓಹೋಟಿ ಎಂದರೆ ಇಳಿತ. ಈ ಎರಡು ಮರಾಠಿ ಶಬ್ದ ಗೊತ್ತಿಲ್ಲದ ಡ್ರೈವರ್ ಚೌಪಾಟಿಗೆ ಇಳಿಯಬಾರದು.

ದೊಡ್ಡವರಿಗೂ ಸಮುದ್ರ ವಿನಾಯಿತಿ ಕೊಡುವುದಿಲ್ಲ. 2025ರಲ್ಲಿ ಸೆಪ್ಟೆಂಬರ್ 6ರಂದು ಹೊರಟ ಲಾಲ್‌ಬಾಗಿನ ರಾಜ ಮರುದಿನ ಬೆಳಿಗ್ಗೆ ಗಿರಗಾಂವ್ ಚೌಪಾಟಿ ತಲುಪಿದಾಗ ನೀರು ಏರತೊಡಗಿತ್ತು. ಮೂರ್ತಿಯನ್ನು ತೆಪ್ಪಕ್ಕೆ ಹತ್ತಿಸಲಾಗದೆ ಗಂಟೆಗಟ್ಟಲೆ ಕಾಯಬೇಕಾಯಿತು. ವಿಸರ್ಜನೆಯಾದದ್ದು ರಾತ್ರಿ ಒಂಬತ್ತರ ಸುಮಾರಿಗೆ. ಇನ್ನು ಜುಹು ಮರಳಿನಲ್ಲಿ 2011ರಲ್ಲಿ ಎಂ.ವಿ. ವಿಸ್ಡಮ್, ಎಂ.ವಿ. ಪವಿತ್ ಎಂಬ ಎರಡು ಹಡಗುಗಳೇ ಒಂದರ ಹಿಂದೊಂದು ಬಂದು ಕೂತಿದ್ದವು. ನನ್ನ 407 ಯಾವ ಲೆಕ್ಕ!

ಈಗ ಮರಳಿನ ಮಾತು. ಒಣ ಮರಳಿನ ಕಾಳುಗಳಿಗೆ ಒಂದನ್ನೊಂದು ಹಿಡಿಯುವ ಅಂಟು ಇಲ್ಲ, ಗಾಲಿ ಒತ್ತಿದರೆ ಪಕ್ಕಕ್ಕೆ ಜಾರುತ್ತವೆ. ಸ್ವಲ್ಪ ನೀರಿದ್ದರೆ ಆ ನೀರಿನ ತೆಳುಪದರವೇ ಕಾಳುಗಳನ್ನು ಹಿಡಿದಿಡುತ್ತದೆ. ಮಕ್ಕಳು ಮರಳಿನ ಗುಡಿ ಕಟ್ಟುವುದು ಈ ಮರಳಿನಲ್ಲೇ. ನೀರು ತುಂಬಿ ತುಳುಕಿದರೆ ಕಾಳುಗಳು ತೇಲಿದಂತಾಗಿ ಮತ್ತೆ ಹಿಡಿತ ಹೋಗುತ್ತದೆ. ಹಾಗಾಗಿ ಗಟ್ಟಿ ಜಾಗ ಇರುವುದು ಮೇಲಿನ ಒಣ ಮರಳಿಗೂ ಅಲೆಯ ಅಂಚಿಗೂ ನಡುವಿನ ಪಟ್ಟಿಯಲ್ಲಿ ಮಾತ್ರ, ಮತ್ತು ಆ ಪಟ್ಟಿ ಗಂಟೆಗಂಟೆಗೆ ಜಾಗ ಬದಲಿಸುತ್ತದೆ. ಪರೀಕ್ಷೆಗೆ ಯಂತ್ರ ಬೇಡ. ಚಪ್ಪಲಿ ಬಿಚ್ಚಿ ಹಿಮ್ಮಡಿಯಿಂದ ಒತ್ತಿ ನೋಡಿ. ಕಾಲ ಸುತ್ತ ಮರಳು ಒಣಗಿದಂತೆ ಬಿಳಚಿಕೊಂಡರೆ ಸದ್ಯಕ್ಕೆ ಗಟ್ಟಿ. ಹೆಜ್ಜೆ ಗುಂಡಿಯಲ್ಲಿ ತಕ್ಷಣ ನೀರು ತುಂಬಿದರೆ ಗಾಡಿ ಅಲ್ಲಿಗೆ ಬೇಡವೇ ಬೇಡ.

ಮರಳಿನಲ್ಲಿ ವಾಹನ ಓಡಿಸುವ ವಿದ್ಯೆಯನ್ನು ಶಾಸ್ತ್ರದಂತೆ ಕಟ್ಟಿದವರು ರಾಲ್ಫ್ ಬ್ಯಾಗ್ನೋಲ್ಡ್ ಎಂಬ ಬ್ರಿಟಿಷ್ ಸೇನಾಧಿಕಾರಿ. 1920ರ ದಶಕದ ಕೊನೆಯಲ್ಲಿ ಮಾಮೂಲಿ ಫೋರ್ಡ್ ಕಾರುಗಳನ್ನು ಲಿಬಿಯಾ ಮರುಭೂಮಿಗೆ ನುಗ್ಗಿಸಿದರು. ಟೈರಿನ ಹವಾ ಇಳಿಸುವುದು, ಹೂತ ಗಾಲಿಯ ಕೆಳಗೆ ಉಕ್ಕಿನ ಚಾನೆಲ್ ಕೊಡುವುದು ಅವರ ತಂಡದ ದಿನದ ರೂಢಿ. ಮರಳು ದಿಬ್ಬಗಳ ಬಗ್ಗೆ ಅವರು 1941ರಲ್ಲಿ ಪ್ರಕಟಿಸಿದ ಪುಸ್ತಕವನ್ನು ವಿಜ್ಞಾನಿಗಳು ಈಗಲೂ ಓದುತ್ತಾರಂತೆ. ನಮ್ಮ ಚೌಪಾಟಿಯ ಉಕ್ಕಿನ ಹಲಗೆ ಅದೇ ಚಾನೆಲ್ಲಿನ ದೊಡ್ಡಣ್ಣ.

ಹಲಗೆ ಇದ್ದರೆ ಹಲಗೆಯ ಮೇಲೆಯೇ ಹೋಗಿ, ಸಾಲು ಎಷ್ಟೇ ಉದ್ದವಿರಲಿ. ಹಲಗೆ ಒದ್ದೆಯಾದರೆ ಜಾರುತ್ತದೆ, ಅಲ್ಲಿ ಬ್ರೇಕ್ ಜೋರಾಗಿ ಒತ್ತಬೇಡಿ. ಮರಳಿಗೆ ಇಳಿಯಲೇಬೇಕಾದರೆ ಮೊದಲೇ ಸಣ್ಣ ಗೇರಿಗೆ ಹಾಕಿ, ನಡುವೆ ಗೇರ್ ಬದಲಿಸದೆ ಒಂದೇ ಹದದಲ್ಲಿ ಹೋಗಿ. ಕ್ಲಚ್ ಒತ್ತಿದ ಕ್ಷಣ ಗಾಡಿಯ ಓಘ ಸಾಯುತ್ತದೆ. ಸ್ಟಿಯರಿಂಗ್ ಒಮ್ಮೆಲೇ ತಿರುಗಿಸಿದರೆ ಮುಂದಿನ ಗಾಲಿಗಳು ನೇಗಿಲಿನಂತೆ ಮರಳು ತೋಡುತ್ತವೆ. ನಿಲ್ಲಿಸುವುದಾದರೆ ಬ್ರೇಕಿನಿಂದಲ್ಲ, ರೇಸ್ ಬಿಟ್ಟು, ಮೂತಿ ರಸ್ತೆಯ ಕಡೆಗಿರುವಂತೆ ನಿಲ್ಲಿಸಿ. ಜನರಿರುವಲ್ಲಿ ಮಾತ್ರ ಈ 'ಓಘ'ದ ಮಾತು ಮರೆತುಬಿಡಿ. ಗುಂಪಿನ ನಡುವೆ ನಡಿಗೆಯ ವೇಗಕ್ಕಿಂತ ಹೆಚ್ಚು ಬೇಡ. ಗಾಡಿ ಹೂತರೆ ಹೂಳಲಿ.

ಹವಾ ಇಳಿಸುವ ಬಗ್ಗೆ ಹುಡುಗರು ಬಹಳ ಕೇಳುತ್ತಾರೆ. ಹವಾ ಕಡಿಮೆಯಾದರೆ ಟೈರ್ ಉದ್ದಕ್ಕೆ ಹರಡಿಕೊಂಡು ಭಾರ ಹಂಚುತ್ತದೆ, ಅದು ನಿಜ. ಜೀಪಿನವರು ಮೂವತ್ತು ಚಿಲ್ಲರೆ ಇದ್ದದ್ದನ್ನು ಹದಿನೆಂಟು ಇಪ್ಪತ್ತಕ್ಕೆ ಇಳಿಸುತ್ತಾರೆ. ಅವರ ಬಳಿ ಮರಳಿ ತುಂಬಲು ಪಂಪ್ ಇರುತ್ತದೆ. ಲೋಡಿನ ಟೆಂಪೊದಲ್ಲಿ ಹವಾ ಇಳಿಸಿ, ಹಾಗೇ ಡಾಂಬರಿಗೆ ಹತ್ತಿ ಮನೆಯವರೆಗೆ ಓಡಿಸಿದರೆ ಟೈರ್ ಕಾದು ಒಡೆಯುತ್ತದೆ. ಪಂಪ್ ಇಲ್ಲದಿದ್ದರೆ ಆ ಕೆಲಸಕ್ಕೆ ಹೋಗಬೇಡಿ.

ಹೂತರೆ ಮಾಡಬೇಕಾದ್ದು ಆ ಮೀನುಗಾರರು ಹೇಳಿದ ಕ್ರಮದಲ್ಲೇ. ಜನ ಇಳಿಯಲಿ, ಭಾರ ಇಳಿಯಲಿ. ರೇಸ್ ಬೇಡ. ಗಾಲಿಯ ಮುಂದಿನ, ಹಿಂದಿನ ಮರಳನ್ನು ಕೈಯಿಂದಲೋ ಸಲಿಕೆಯಿಂದಲೋ ತೆಗೆದು ಹಲಗೆ ಕೊಟ್ಟು, ಬಂದ ಜಾಡಿನಲ್ಲೇ ಹಿಂದಕ್ಕೆ ಬನ್ನಿ. ಆ ಜಾಡಿನ ಮರಳು ನಿಮ್ಮದೇ ಭಾರಕ್ಕೆ ಒತ್ತಿ ಗಟ್ಟಿಯಾಗಿರುತ್ತದೆ. ಹಿಂದೆ ಬರುವಾಗ ಗಾಡಿಯ ಬೆನ್ನಿಗೆ ಯಾರೂ ನಿಂತಿರಬಾರದು. ಎಳೆಯಲು ಎಳೆಯುವ ಪಟ್ಟಿಯನ್ನೇ ಬಳಸಿ, ಬಂಪರಿಗಲ್ಲ, ಚೆಸಿಸ್ಸಿನ ಕೊಕ್ಕೆಗೆ ಕಟ್ಟಿ, ಪಟ್ಟಿಯ ನಡುವೆ ಒದ್ದೆ ಗೋಣಿಚೀಲ ಹೊದಿಸಿ. ತುಂಡಾದರೂ ಹಾರದೆ ಕೆಳಗೆ ಬೀಳುತ್ತದೆ. ಪಟ್ಟಿಯ ಉದ್ದದಷ್ಟು ದೂರಕ್ಕೆ ಎಲ್ಲರನ್ನೂ ಸರಿಸಿ. ನೀರು ಗಾಲಿಗೆ ಬಂದಾಗಿದ್ದರೆ ಗಾಡಿಯ ಆಸೆ ಬಿಡಿ. ನನ್ನ ಹದಿನೆಂಟು ಕಂತು ಹೇಗೋ ಮುಗಿದವು.

ಗೋರಾಯಿ, ಮನೋರಿ ಕಡೆ ಸುಮ್ಮನೆ ಖುಷಿಗೆ ಗಾಡಿ ಇಳಿಸುವವರಿಗೆ ನಾನು ಉಪಾಯ ಹೇಳುವುದಿಲ್ಲ. ಪೊಲೀಸರು ಕೇಸು ಹಾಕುತ್ತಾರೆ, ಹಾಕಲಿ. ದಂಡೆಯ ಮೇಲಿನ ಮರಳು ದಿಬ್ಬ ಕರಾವಳಿ ನಿಯಂತ್ರಣ ವಲಯದ ನಿಯಮದಲ್ಲಿ ರಕ್ಷಿತ ಜಾಗ. ನೇರಳೆ ಹೂ ಬಿಡುವ ಅಡುಂಬು ಬಳ್ಳಿ ಹಬ್ಬಿ ಹಿಡಿದಿಟ್ಟ ಮರಳು ಅದು. ಒಂದು ಸಲ ಗಾಲಿ ಹರಿದರೆ ಬಳ್ಳಿ ಹರಿದು ಗಾಳಿಗೆ ಮರಳು ಹಾರತೊಡಗುತ್ತದೆ.

2025ರಲ್ಲಿ ಆರಡಿವರೆಗಿನ ಪಿಒಪಿ ಮೂರ್ತಿಗಳನ್ನು ಕೃತಕ ಹೊಂಡದಲ್ಲೇ ಬಿಡಬೇಕೆಂದು ಹೈಕೋರ್ಟ್ ಹೇಳಿತು. ನಮ್ಮ ಮಂಡಳದ ಹಿರಿಯರು ಗೊಣಗಿದರು. ಸಮುದ್ರ ಇರುವಾಗ ತೊಟ್ಟಿಯೇಕೆ ಎಂದು. ನಾನು ಏನೂ ಹೇಳಲಿಲ್ಲ, ಒಳಗೊಳಗೇ ಖುಷಿಪಟ್ಟೆ. ಆ ವರ್ಷ ನಾಲ್ಕಡಿ ಮೂರ್ತಿ ಬಂತು, ಗಾಡಿ ಡಾಂಬರು ಬಿಟ್ಟು ಇಳಿಯಲಿಲ್ಲ.

ಇಳಿಸಿದವರಿಗೆ ಇನ್ನೊಂದು ಕೆಲಸ ಬಾಕಿಯಿದೆ. ಮರುದಿನ ಮಲಗಬೇಡಿ. ಅವತ್ತೇ ಸಿಹಿನೀರಿನಿಂದ ಅಡಿಭಾಗ, ಕಮಾನು ಪಟ್ಟಿ, ಬ್ರೇಕ್ ಡ್ರಮ್ ತೊಳೆಸಿ ಗ್ರೀಸ್ ಹೊಡೆಸಿ. ಗಾಲಿ ಮುಳುಗಿದ್ದರೆ ಹೌಸಿಂಗ್ ಎಣ್ಣೆಯ ಬೋಲ್ಟ್ ಬಿಚ್ಚಿ ನೋಡಿ. ಎಣ್ಣೆ ಚಹಾದ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಹೋಗಿದೆ, ಬದಲಿಸದೆ ಗಾಡಿ ತೆಗೆಯಬೇಡಿ.